ಹಂಚಿಹೋದ ವ್ಯತ್ಯಾಸ

ದೂರದರ್ಶಕದ ವೃತ್ತದೊಳಗೆ ಎಲ್ಲವೂ ತಲೆಕೆಳಗಾಗಿ ನಿಂತಿತ್ತು. ಭೂಮಾಪನ ತರಬೇತಿ ಶಾಲೆಯ, ಎತ್ತರ ಅಳೆಯುವ ಆ ಹಳೆಯ ಲೆವೆಲ್ ಯಂತ್ರ ಲೋಕವನ್ನು ತೋರಿಸುವುದೇ ಹಾಗೆ. ಮೇಲೆ ರಸ್ತೆಯ ಅಂಚು. ಅದರಡಿ ಜೋತುಬಿದ್ದ ನಾಲ್ಕು ಮನೆಗಳು. ಮನೆಗಳ ಸೂರಿಗೆ ನೇತುಹಾಕಿದಂತೆ ಗುಡ್ಡದ ಕೆಂಪು ಇಳಿಜಾರು. ಮೂರನೆಯ ಮನೆಯ ಮೆಟ್ಟಿಲ ಮೇಲೆ, ಯಂತ್ರಕ್ಕೆ ಕಣ್ಣಿಟ್ಟಿದ್ದ ವಿದ್ಯಾರ್ಥಿನಿಯ ಅಕ್ಕ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತಂತಿಯ ಮೇಲಿನ ಬಟ್ಟೆಗಳು ಮಿಸುಕುತ್ತಿರಲಿಲ್ಲ. ನಡುವೆ ಕೆಂಪು ಕಪ್ಪು ಅಂಕಿಗಳ ಅಳತೆಕೋಲು, ಅದನ್ನು ಹಿಡಿದ ಎರಡು ಕೈ. ಗಾಳಿಯಿಲ್ಲದ ಬೆಳಗು, ಬಿಡಿಸಿಟ್ಟ ಚಿತ್ರದಂತೆ ಸ್ತಬ್ಧ.

ಅವಳು ಅಂಕಿಯನ್ನು ಬರೆದುಕೊಂಡು ಕಣ್ಣು ತೆಗೆದಳು. ಲೋಕ ನೆಟ್ಟಗಾಯಿತು. ಎದೆಯೊಳಗಿನದು ಆಗಲಿಲ್ಲ.

ಕೊನೆಯ ಪರೀಕ್ಷೆ ಎಲ್ಲ ವರ್ಷವೂ ಒಂದೇ. ಶಾಲೆಯ ಗೇಟಿನ ಬಳಿಯ ಕಲ್ಲಿನಿಂದ ಹೊರಟು, ಗುಡ್ಡದ ಸೊಂಟದಲ್ಲಿರುವ ಕಲ್ಲಿನ ಎತ್ತರವನ್ನು ಅಳೆಯಬೇಕು. ಎರಡೂ ಕಲ್ಲುಗಳ ಎತ್ತರ ದಾಖಲೆಯಲ್ಲಿದೆ. ಅಳತೆಗೂ ದಾಖಲೆಗೂ ಬರುವ ಚೂರುಪಾರು ವ್ಯತ್ಯಾಸವನ್ನು ದಾರಿಯಲ್ಲಿ ಯಂತ್ರ ನಿಲ್ಲಿಸಿದ ಎಲ್ಲ ನಿಲುಗಡೆಗಳಿಗೂ ಸಮನಾಗಿ ಹಂಚಿ ಲೆಕ್ಕ ಮುಗಿಸಬೇಕು. ಹನ್ನೆರಡು ಮಿಲಿಮೀಟರಿನವರೆಗೆ ಕ್ಷಮೆಯುಂಟು. ಅಭ್ಯಾಸದ ಅಳತೆಗಳಲ್ಲಿ ಅವಳಿಗೆ ಎರಡು ದಾಟಿದ್ದೇ ಇಲ್ಲ. ಜೊತೆಯವರು ಅವಳನ್ನು ಸೊನ್ನೆ ಎಂದೇ ಕರೆಯುತ್ತಿದ್ದರು. ಮಂಗಳವಾರದ ಪರೀಕ್ಷೆಯಲ್ಲಿ ಮೂವತ್ತೆಂಟು ಬಂದಿತ್ತು. ಅದೇ ದಾರಿಯಲ್ಲಿ ಅಳೆಯುತ್ತ ಗೇಟಿಗೆ ಮರಳಿದಾಗ ವ್ಯತ್ಯಾಸವೇ ಇರಲಿಲ್ಲ. ಅಂದರೆ ಅವಳ ಕೈ ತಪ್ಪಿರಲಿಲ್ಲ. ಇಂದು ಶುಕ್ರವಾರ, ಮತ್ತೊಮ್ಮೆ ಅಳೆಯುತ್ತಿದ್ದಳು.

ಕೋಲು ಹಿಡಿದವನು ಬಸ್ಸಿನ ಕೆಲಸ ಬಿಟ್ಟು ನಲವತ್ತರಲ್ಲಿ ಈ ಕಸುಬು ಕಲಿಯಲು ಬಂದವನು; ಎಲ್ಲರಿಗೂ ಅವನು ಈಗಲೂ ಕಂಡಕ್ಟರೇ. "ಏನಮ್ಮಾ ಸೊನ್ನೆ, ಕೊನೇ ಸ್ಟಾಪಲ್ಲಿ ಗಾಡಿ ಕೆಟ್ಟೋಯ್ತಾ?" ಎಂದ. ಹತ್ತಿರ ಬಂದು ಅವಳು ಬರೆದ ಅಂಕಿಯನ್ನು ಇಣುಕಿ ನೋಡಿ, ಕೋಲನ್ನು ಹೆಗಲಿಗೇರಿಸಿದ.

ಗುಡ್ಡದ ಕಲ್ಲು ಜರುಗಿದೆ ಎಂದು ಅಕ್ಕನಿಗೆ ಅವಳು ಮಂಗಳವಾರವೇ ಹೇಳಿದ್ದಳು. ಮನೆಯ ಹಿಂದೆ ನೀರಿನ ಪೈಪು ಈ ತಿಂಗಳಲ್ಲಿ ಎರಡು ಬಾರಿ ಕೀಲು ಬಿಟ್ಟಿತ್ತು; ಭಾವ ಪೈಪನ್ನು ಬೈದು ಕಟ್ಟಿದ್ದ. ಈಗ ಮತ್ತೊಮ್ಮೆ ಹೇಳಿದಾಗ ಅಕ್ಕ ಮಗುವಿನ ಮೂಗು ಒರೆಸುತ್ತ ನಕ್ಕಳು.

"ನಿನ್ನ ಕಲ್ಲಿಗೆ ನೆಗಡಿಯಾದ್ರೆ ನಾವು ಮನೆ ಬಿಡ್ಬೇಕೇನೇ? ಸರ್ಟಿಫಿಕೇಟೇ ಬಂದಿಲ್ಲ ನಿಂಗೆ. ಯಾರಾದ್ರೂ ದೊಡ್ಡೋರು ಬರೆದು ಕೊಡ್ಲಿ, ಆಗ ನೋಡೋಣ."

ಮೇಷ್ಟ್ರು ನಕ್ಷೆಗಳ ಕೋಣೆಯಲ್ಲಿದ್ದರು. ಸಂಜೆಯೊಳಗೆ ಫಲಿತಾಂಶದ ಹಾಳೆಗಳಿಗೆ ಸಹಿ ಬೀಳಬೇಕು. ಸೋಮವಾರ ಅವಳು ನಕ್ಷೆ ಕಚೇರಿಯಲ್ಲಿ ಕೆಲಸಕ್ಕೆ ಹಾಜರಾಗಬೇಕು. ಮೇಷ್ಟ್ರು ಒಳ್ಳೆಯ ಮನುಷ್ಯ. ಮಂಗಳವಾರದ ಪುಟ ನೋಡಿ ಕನ್ನಡಕವನ್ನು ಹಣೆಗೇರಿಸಿದರು.

"ಹಂಚಿಬಿಡು ತಾಯಿ. ಹತ್ತೊಂಬತ್ತು ನಿಲುಗಡೆ, ತಲಾ ಎರಡು ಮಿಲಿ. ಯಾರಿಗೂ ಭಾರ ಆಗಲ್ಲ."

ವಾಪಸು ಬಂದಾಗ ವ್ಯತ್ಯಾಸ ಇರಲಿಲ್ಲವೆಂದು ಅವಳು ಹೇಳಿದಳು. ಕಲ್ಲು ಎಲ್ಲಿಗೆ ಹೋಗುತ್ತದೆ, ಅದಕ್ಕೇನು ಕಾಲಿದೆಯೇ ಎಂದು ಅವರು ನಕ್ಕರು. ಹಾಗೆಯೇ ಬಿಟ್ಟರೆ ಫೇಲೆಂದು ಬರೆಯಬೇಕಾಗುತ್ತದೆ ಎಂಬುದನ್ನೂ ಮೃದುವಾಗಿಯೇ ಹೇಳಿದರು.

ಅವಳು ಅಲಮಾರಿಯಿಂದ ಹಿಂದಿನ ನಾಲ್ಕು ವರ್ಷಗಳ ತಂಡಗಳು ಅಳತೆ ಬರೆದಿಟ್ಟ ಫೀಲ್ಡ್ ಪುಸ್ತಕಗಳನ್ನು ತಂದು ಮೇಜಿನ ಮೇಲೆ ಒಂದರ ಪಕ್ಕ ಒಂದು ತೆರೆದಿಟ್ಟಳು. ಐದು. ಒಂಬತ್ತು. ಹದಿನಾರು. ಇಪ್ಪತ್ತೈದು. ಒಂದೊಂದನ್ನೂ ಒಬ್ಬೊಬ್ಬ ವಿದ್ಯಾರ್ಥಿ ಅಚ್ಚುಕಟ್ಟಾಗಿ ಹಂಚಿದ್ದ. ಪ್ರತಿ ಪುಟದ ಕೆಳಗೂ ಮೇಷ್ಟ್ರ ಸಹಿ. ಮಿತಿ ದಾಟಿದ ಕೊನೆಯ ಎರಡರಲ್ಲಿ ಅವರದೇ ಅಕ್ಷರದಲ್ಲಿ ಒಂದು ಸಾಲು: ಹಳೆಯ ಯಂತ್ರದ ದೋಷ. ಯಾವ ವರ್ಷವೂ ಯಾರೂ ಹಿಂದಿನ ವರ್ಷದ ಪುಸ್ತಕ ತೆರೆದಿರಲಿಲ್ಲ. ಪಾಠದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮೇಷ್ಟ್ರು ಒಂದೊಂದು ಅಂಕಿಯ ಮೇಲೂ ಬೆರಳಿಟ್ಟರು. ಕೊನೆಗೆ ಅವಳ ಪುಟಕ್ಕೆ ಬಂದು, "ಮೂವತ್ತೆಂಟು," ಎಂದರು, ತಮಗೇ ಹೇಳಿಕೊಂಡಂತೆ.

"ಅದು ಮಂಗಳವಾರ ಸರ್," ಎಂದಳು. "ಇವತ್ತು ನಲವತ್ತೊಂದು."

ಬಾಗಿಲ ಬಳಿ ಕಂಡಕ್ಟರ್ ಅಳತೆಕೋಲನ್ನು ಗೋಡೆಗೊರಗಿಸಿದ. ಮೂರು ಮಿಲಿಮೀಟರ್ ಎಂದರೆ ಒಂದು ಗೋಧಿಕಾಳಿನ ದಪ್ಪ. ಆ ಕಲ್ಲಿನ ಹಿಂದೆ ಗುಡ್ಡದ ಅರ್ಧ ಮೈ, ಕೆಳಗೆ ನಾಲ್ಕು ಸೂರು.

ಮೇಷ್ಟ್ರು ತಾಲ್ಲೂಕು ಕಚೇರಿಗೆ ಫೋನು ಮಾಡಿದರು. ಹೆಸರು, ಹುದ್ದೆ ಹೇಳಿದರು. ಕಲ್ಲಿನ ಸಂಖ್ಯೆ ಹೇಳಿದರು. ಎರಡು ಸಲ ಹೇಳಿದರು. ಆ ಕಡೆಯ ದನಿ ಸೌಮ್ಯವಾಗಿ, ಸೋಮವಾರ ಅರ್ಜಿ ತನ್ನಿ, ಪರಿಶೀಲನೆಗೆ ತಂಡ ಕಳಿಸುತ್ತೇವೆ ಎಂದಿತು. ಅವರು ಫೋನು ಕೆಳಗಿಟ್ಟರು. ಆಮೇಲೆ ಪೆನ್ನು ತೆಗೆದು, ನಾಲ್ಕು ಪುಸ್ತಕಗಳಲ್ಲೂ ತಮ್ಮ ಸಹಿಯ ಮೇಲೆ ಒಂದೇ ಒಂದು ಗೆರೆ ಎಳೆದರು. ಫೀಲ್ಡ್ ಪುಸ್ತಕದಲ್ಲಿ ತಪ್ಪನ್ನು ಅಳಿಸುವಂತಿಲ್ಲ. ಹೊಡೆದುಹಾಕಿದ್ದು ಓದಲು ಸಿಗಬೇಕು.

"ನಾನೂ ಒಂದು ಕಾಲದಲ್ಲಿ ಚೆನ್ನಾಗಿ ಅಳೀತಿದ್ದೆ," ಎಂದರು.

ಶಾಲೆಯ ಮುದ್ರೆಯಿದ್ದ ಹಾಳೆಯ ಮೇಲೆ ಅವರು ಎರಡು ಸಾಲು ಬರೆದರು: ಗುಡ್ಡ ಸರಿಯುತ್ತಿದೆ, ಈ ದಿನವೇ ಮನೆಗಳನ್ನು ತೆರವು ಮಾಡುವುದು. ಹಾಗೆ ಬರೆಯುವ ಅಧಿಕಾರ ಅವರಿಗಿರಲಿಲ್ಲ. ಕೆಳಗೆ ಸಹಿ ಮಾಡಿ ಹಾಳೆಯನ್ನು ಅವಳ ಕೈಗಿಟ್ಟರು.

"ನಿಮ್ಮಕ್ಕನಿಗೆ ತೋರ್ಸು. ಉಳಿದವ್ರಿಗೂ ನೀನೇ ಓದಿ ಹೇಳಮ್ಮಾ. ಸಾಮಾನು ಕಟ್ಕೊಂಡು ಕೂರಬೇಡಿ ಅನ್ನು."

ಅವಳ ಫಲಿತಾಂಶದ ಹಾಳೆ ಮೇಜಿನ ಮೇಲೆ ಖಾಲಿಯಾಗಿಯೇ ಇತ್ತು. ಅವಳು ಅದರತ್ತ ನೋಡಲಿಲ್ಲ. ಕಂಡಕ್ಟರ್ ಆಗಲೇ ಮೆಟ್ಟಿಲಿಳಿದಿದ್ದ. ಗುಡ್ಡದ ಕಡೆಯಿಂದ, ಯಾರೋ ಗೋಣಿಚೀಲವನ್ನು ನೆಲದ ಮೇಲೆ ಮೆಲ್ಲಗೆ ಎಳೆದಂಥ ಸದ್ದು ಬಂದು ನಿಂತಿತು. ಮೇಷ್ಟ್ರು ತಲೆಯೆತ್ತುವಷ್ಟರಲ್ಲಿ ಕಾಗದ ಹಿಡಿದು ಅವಳು ಹೊರಟಾಗಿತ್ತು. ಅವಳ ಹಿಂದೆ ಬಾಗಿಲು ತಾನಾಗಿ ಬಂದು ಮುಚ್ಚಿಕೊಂಡಿತು.