ಟೈಲರಕ್ಕನ ಟೆಂಟು

ಬೆಳಕು ಹರಿಯುವಾಗ ಹಿಡಿದ ಮಳೆ ಹತ್ತು ಗಂಟೆಯಾದರೂ ಬಿಟ್ಟಿರಲಿಲ್ಲ. ರಸ್ತೆ ಪಕ್ಕದ ಹುಲ್ಲುಬಯಲಿನ ಮೂಲೆಯಲ್ಲಿ ಟೆಂಟು ಹಾಕಿಕೊಂಡು ಟೈಲರಕ್ಕ, ಅವಳ ತಮ್ಮನ ಹೆಂಡತಿ ಇಬ್ಬರೂ ಮೊಣಕಾಲು ಮಡಚಿ, ಕುತ್ತಿಗೆ ಬಗ್ಗಿಸಿ ಕೂತಿದ್ದರು. ಹೊರಗೆ ಬೇಲಿಗೆ ಒರಗಿದ ಎರಡು ಸೈಕಲ್ಲು ನೆನೆದು ತೊಪ್ಪೆಯಾಗಿದ್ದವು. ಆರು ದಿನದ ಸುತ್ತಿನಲ್ಲಿ ಅದು ನಾಲ್ಕನೇ ದಿನ.

ಟೈಲರಕ್ಕನಿಗೆ ಅರವತ್ತೊಂದು. ಮೂವತ್ತೈದು ವರ್ಷ ಒಂದೇ ಬಾಗಿಲಿನ ಅಂಗಡಿಯಲ್ಲಿ ಕೂತು ಊರವರ ಮೈಗೆಲ್ಲ ಹೊಲಿದವಳು. ಹೊಲಿದದ್ದನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮನೆ ಮನೆಗೆ ಮುಟ್ಟಿಸಿದವಳೂ ಅವಳೇ. ಕಳೆದ ಚಳಿಗಾಲದಲ್ಲಿ ಇಸ್ತ್ರಿ ಮೇಜಿನ ಹತ್ತಿರ ತಲೆ ಸುತ್ತಿ ಬಿದ್ದಳು. ಎದ್ದು, ನೀರು ಕುಡಿದು, ಅರ್ಧ ಆಗಿದ್ದ ಕಾಲರು ಮುಗಿಸಿಯೇ ಬಾಗಿಲು ಹಾಕಿದಳು. ಆದರೆ ಸುದ್ದಿ ಅವಳಿಗಿಂತ ಮೊದಲೇ ತಮ್ಮನ ಮನೆ ಸೇರಿತ್ತು.

ತಮ್ಮನದು ವ್ಯಾನಿನಲ್ಲಿ ಮನೆ ಸಾಮಾನು ಸಾಗಿಸುವ ಕೆಲಸ. ಯಾವುದನ್ನು ಎಲ್ಲಿಂದ ಎತ್ತಿ ಎಲ್ಲಿಡಬೇಕು ಅಂತ ತಾನೇ ಹೇಳಿ ಅಭ್ಯಾಸ. ಅಕ್ಕನ ವಿಷಯದಲ್ಲೂ ಹಾಗೇ ಮಾಡಿದ. ಅಂಗಡಿ ಖಾಲಿ ಮಾಡಬೇಕು, ಮಷಿನ್ನು ಯಾರಿಗಾದರೂ ಕೊಟ್ಟುಬಿಡಬೇಕು, ಅಕ್ಕ ತನ್ನ ಮನೆಯ ಹಿಂದಿನ ಕೋಣೆಗೆ ಬಂದಿರಬೇಕು ಅಂದ. ಕೋಣೆಗೆ ಬಣ್ಣ ಹೊಡೆಸಿಯೂ ಆಗಿತ್ತು. ಅವಳು ಒಲ್ಲೆ ಅಂದಳು. ಊಟಕ್ಕೆ ಕೂತಿದ್ದವನು ನಕ್ಕು, ಹೋಗಲಿ, ಆರು ದಿನ ಸೈಕಲ್ಲು ತುಳಿದು, ಬಯಲಲ್ಲಿ ಮಲಗಿ, ಹೋದ ಸೈಕಲ್ಲಿನ ಮೇಲೇ ವಾಪಸ್ಸು ಬಾ, ಆಮೇಲೆ ನಾನು ಅಂಗಡಿ ಸುದ್ದಿ ಎತ್ತಿದರೆ ಕೇಳು, ಅಂದುಬಿಟ್ಟ. ತಮಾಷೆಗೆ ಆಡಿದ ಮಾತು. ಮಾರನೇ ಬೆಳಿಗ್ಗೆ ಟೈಲರಕ್ಕ ದಪ್ಪ ಹತ್ತಿಬಟ್ಟೆ ನೆಲಕ್ಕೆ ಹಾಸಿ ಕತ್ತರಿ ಹಿಡಿದಳು. ತಮ್ಮನ ಹೆಂಡತಿ, ನಾನೂ ಬರ್ತೀನಿ ಅತ್ತಿಗೆ, ನನಗೂ ಮನೆ ಬಿಟ್ಟು ಎಷ್ಟು ವರ್ಷ ಆಯ್ತು, ಅಂತ ಜೊತೆಗೆ ಹೊರಟಳು.

ಟೆಂಟಿನಲ್ಲಿ ಒಂದು ತಪ್ಪಾಗಿತ್ತು. ಟೈಲರಕ್ಕ ಇಬ್ಬರನ್ನೂ ಚಾಪೆಯ ಮೇಲೆ ಮಲಗಿದಂತೆ ಅಳತೆ ತೆಗೆದು, ರವಿಕೆಗೆ ಬಿಡುವ ಹಾಗೆ ಎರಡು ಬೆರಳು ಜಾಸ್ತಿ ಬಿಟ್ಟು ಹೊಲಿದಿದ್ದಳು. ಮಲಗಿದರೆ ಮೈಗೆ ಹೇಳಿ ಮಾಡಿಸಿದ ಹಾಗಿತ್ತು. ನೆಟ್ಟಗೆ ಕೂತರೆ ತಲೆ ತಾಗುತ್ತಿತ್ತು. ಮನುಷ್ಯರು ಮಳೆಯಲ್ಲಿ ಕೂತೂ ಇರುತ್ತಾರೆ ಅನ್ನುವುದು ಅವಳ ಟೇಪಿಗೆ ಹೊಳೆದಿರಲಿಲ್ಲ.

ತಮ್ಮನ ಹೆಂಡತಿ ಬೆಳಗಿನಿಂದ ಸೀನುತ್ತಿದ್ದಳು. ಹಣೆ ಮುಟ್ಟಿದರೆ ಬಿಸಿ. ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು. ಮೂರನೇ ಸಲ ತೆರೆದಾಗ ಹೇಳಿಯೇಬಿಟ್ಟಳು: ಬೆಳಿಗ್ಗೆ ಫೋನು ಮಾಡಿದ್ದೆ, ಅವರು ಬರ್ತಿದಾರೆ.

ಟೈಲರಕ್ಕ ಬಯ್ಯಲಿಲ್ಲ. ಪುಟ್ಟ ಸ್ಟವ್ವನ್ನು ಹತ್ತಿರಕ್ಕೆ ಎಳೆದುಕೊಂಡು, ಹಾಗಾದರೆ ಟೀಗೆ ಇನ್ನೊಂದು ಲೋಟ ನೀರು ಹಾಕಬೇಕು, ಅಂದಳು.

ವ್ಯಾನು ಬಂತು. ತಮ್ಮ ಬಾಗಿಲಲ್ಲೇ ಬಗ್ಗಿ ಒಳಗೆ ನುಸುಳಿ, ಮೂರನೆಯವನಾಗಿ ಮುದುರಿ ಕೂತ. ಅರ್ಧ ಮೈ ಹೊರಗೇ ಉಳಿಯಿತು. ಟೀ ಮುಟ್ಟಲಿಲ್ಲ. ಇದೊಂದು ಟೆಂಟಾ, ತಲೆದಿಂಬಿನ ಚೀಲವಾ ಅಂತ ಶುರುಮಾಡಿ, ವಯಸ್ಸು, ನ್ಯುಮೋನಿಯ, ನೆಂಟರ ಬಾಯಿ, ಎಲ್ಲ ಹೇಳಿದ. ಕೊನೆಗೆ, ಈ ಬಟ್ಟೆ ಎಷ್ಟು ಹೊತ್ತು ತಡೆಯುತ್ತೆ, ಆಗಲೇ ಸೋರ್ತಿದೆ ನೋಡು, ಅಂತ ತಲೆಯ ಮೇಲೆ ಬೆರಳಿನಿಂದ ಒತ್ತಿ ತೋರಿಸಿದ. ಅಲ್ಲಿಯವರೆಗೆ ಒಂದು ಹನಿಯೂ ಬಿದ್ದಿರಲಿಲ್ಲ. ಒತ್ತಿದ ಜಾಗದಿಂದ ನೀರು ತೊಟ್ಟು ತೊಟ್ಟಾಗಿ ಅವನ ಮೂಗಿನ ಮೇಲೇ ಬಿತ್ತು.

ಟೈಲರಕ್ಕ ಕೈ ಚಾಚಿದಳು. ಹನಿ ಬೀಳುವ ಜಾಗಕ್ಕೆ ಬೆರಳಿಟ್ಟು, ಬಟ್ಟೆಯ ಮೇಲೆ ನಿಧಾನವಾಗಿ ಕೆಳಗೆ ಎಳೆದು, ನೆಲ ಮುಟ್ಟುವ ಅಂಚಿನವರೆಗೂ ಒಂದು ಗೆರೆ ಹಾಕಿದಳು. ಹನಿ ನಿಂತಿತು. ನೀರು ಆ ಗೆರೆ ಹಿಡಿದು ತೆಪ್ಪಗೆ ಇಳಿದುಹೋಯಿತು.

"ನೆನೆದ ಹತ್ತಿ ಉಬ್ಬಿ ತನ್ನ ತೂತು ತಾನೇ ಮುಚ್ಚಿಕೊಳ್ಳುತ್ತೆ ಕಣೋ," ಅಂದಳು. "ಮುಟ್ಟಿದರೆ ಮಾತ್ರ ಸೋರೋದು. ನನ್ನ ಟೆಂಟು ಸೋರಲಿಲ್ಲ. ನಿನ್ನ ಬೆರಳು ಸುಮ್ಮನಿರಲಿಲ್ಲ."

ತಮ್ಮ ಮೂಗು ಒರೆಸಿಕೊಂಡು ಹೊರಗೆ ಹೋದ. ಹೆಂಡತಿಯನ್ನು ವ್ಯಾನಿಗೆ ಹತ್ತಿಸಿದ. ಅವಳು ಅಳುಮುಖ ಮಾಡಿಕೊಂಡು ತಿರುಗಿ ತಿರುಗಿ ನೋಡುತ್ತಿದ್ದಳು.

"ಹೋಗು ಮಾರಾಯ್ತಿ," ಅಂದಳು ಟೈಲರಕ್ಕ. "ಪಂದ್ಯ ನನ್ನದು, ಜ್ವರ ನಿನ್ನದು. ಎರಡನ್ನೂ ಕಲಸಬೇಡ."

ಒದ್ದೆ ಟೆಂಟು ಒಣಗಿದ್ದರ ಎರಡರಷ್ಟು ಭಾರ. ಅದನ್ನು ಹಿಂಡಿ, ಸುತ್ತಿ, ಹಗ್ಗ ಬಿಗಿದು ತಲೆಯೆತ್ತಿದರೆ ಬೇಲಿಯ ಹತ್ತಿರ ಒಂದು ಸೈಕಲ್ಲೂ ಇಲ್ಲ. ತಮ್ಮ ಎರಡನ್ನೂ ವ್ಯಾನಿಗೆ ಏರಿಸಿ, ಹಿಂಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ.

ಇಳಿಸು, ಅಂದಳು. ಇಳಿಸಲ್ಲ, ಅಂದ. ಇನ್ನೊಂದು ಸಲ ಹೇಳಿದಳು. ಅವನು ಆಕಾಶ ನೋಡಿದ.

ಆಗ ಒಳಗಿನಿಂದ ಖಡಖಡ ಸದ್ದಾಯಿತು. ಅವನ ಹೆಂಡತಿ ಮುಂದಿನ ಸೀಟು ದಾಟಿ ಹಿಂದಕ್ಕೆ ಬಂದಿದ್ದಳು. ಶಾಲು ಹೊದ್ದುಕೊಂಡೇ ಬಾಗಿಲನ್ನು ಒಳಗಿನಿಂದ ದೂಡಿದಳು. ಬೆನ್ನಿಗೆ ಬಾಗಿಲು ತಾಗಿ ಅವನು ಮುಂದಕ್ಕೆ ಮುಗ್ಗರಿಸಿದ.

"ರೀ, ಸ್ವಲ್ಪ ದಾರಿ ಬಿಡ್ರೀ," ಅಂದಳು. "ಅತ್ತಿಗೆ, ಮುಂದಿನ ಚಕ್ರ ಹಿಡ್ಕೊಳ್ಳಿ."

ಇಬ್ಬರು ಹೆಂಗಸರೂ ಸೇರಿ ಸೈಕಲ್ಲು ಇಳಿಸಿದರು. ಟೈಲರಕ್ಕ ಗಂಟು ಕಟ್ಟಿ, ಸೀಟಿನ ನೀರು ಒರೆಸಿ, ಒರೆಸಿ ಏನು ಫಲ ಅಂತ ತಾನೇ ನಕ್ಕು, ಹತ್ತಿದಳು.

ಏರು ಶುರುವಾಗುವ ಹೊತ್ತಿಗೆ ಬೆನ್ನ ಹಿಂದೆ ವ್ಯಾನಿನ ದೀಪ ಬಿತ್ತು. ಅವಳು ಮೆಲ್ಲಗಾದರೆ ಅದೂ ಮೆಲ್ಲಗಾಗುತ್ತಿತ್ತು. ಎರಡು ತಿರುವು ಸಹಿಸಿದಳು. ಮೂರನೆಯದಕ್ಕೆ ಕಾಲೂರಿ ನಿಂತು, ಅವನನ್ನು ಹತ್ತಿರ ಕರೆದಳು.

"ಹಿಂದೆ ಬರಬೇಡ. ನಾನೇ ಕಾವಲು ಕಾಯ್ದುಕೊಂಡು ಕರೆತಂದೆ ಅಂತ ನಾಳೆ ಊರಲ್ಲಿ ಹೇಳ್ತೀಯ. ಮುಂದೆ ಹೋಗು. ಕಣ್ಣಿಗೆ ಕಾಣದಷ್ಟು ಮುಂದೆ."

"ಬಿದ್ದುಗಿದ್ದರೆ?"

"ಬಿದ್ದರೆ ಏಳ್ತೀನಿ. ಏಳೋದು ಹೇಗೆ ಅಂತ ನೀನು ಹೇಳಿಕೊಡಬೇಕಾಗಿಲ್ಲ."

ವ್ಯಾನು ಕೆಸರು ಹಾರಿಸುತ್ತ ಮುಂದೆ ಹೋಯಿತು. ಅದರ ಸದ್ದು ಅಡಗುವವರೆಗೂ ಅವಳು ನಿಂತೇ ಇದ್ದಳು. ಆಮೇಲೆ ತುಳಿದಳು. ಏರು ಜಾಸ್ತಿಯಾದ ಕಡೆ ಇಳಿದು ತಳ್ಳಿದಳು. ತಳ್ಳಬಾರದು ಅಂತ ಅವನೇನೂ ಹೇಳಿರಲಿಲ್ಲ. ಏದುಸಿರು ಬಂದಾಗ ನಿಂತು, ಉಸಿರು ಹದಕ್ಕೆ ಬಂದ ಮೇಲೆ ಮತ್ತೆ ಹೊರಟಳು. ಮಳೆ ಕಾಲರಿನೊಳಗೆ ಇಳಿದು ಬೆನ್ನಿಗೆಲ್ಲ ಹರಡಿತ್ತು. ನೆನೆಯಲು ಇನ್ನೇನೂ ಉಳಿದಿರಲಿಲ್ಲವಾದ್ದರಿಂದ ಹೆದರಿಕೆಯೂ ಇರಲಿಲ್ಲ.

ದಿಣ್ಣೆ ಹತ್ತಿದ ಮೇಲೆ ರಸ್ತೆ ಎರಡಾಗುತ್ತಿತ್ತು. ಬಲಗಡೆಯದು ಊರಿಗೆ ಹತ್ತಿರದ ದಾರಿ, ಸಂಜೆಯೊಳಗೆ ಮನೆ. ತಮ್ಮ ಅದರ ಬಾಯಲ್ಲೇ ವ್ಯಾನು ನಿಲ್ಲಿಸಿ, ಕೊಡೆ ಹಿಡಿದು, ಬಾಗಿಲು ತೆರೆದಿಟ್ಟುಕೊಂಡು ಕಾಯುತ್ತಿದ್ದ. ಇಷ್ಟು ದೂರ ತುಳಿದದ್ದಾಯಿತಲ್ಲ, ಇನ್ನು ಅಕ್ಕ ಮೆತ್ತಗಾಗಿರುತ್ತಾಳೆ ಅಂತ ಅವನ ಮುಖದಲ್ಲಿ ಬರೆದ ಹಾಗಿತ್ತು. ಎಡಗಡೆಯದು ಬಳಸು ದಾರಿ. ಆ ದಾರಿಯಲ್ಲಿ ಇನ್ನೂ ಎರಡು ದಿನ ಇದ್ದವು.

ಟೈಲರಕ್ಕ ಅವನ ಮುಂದೆಯೇ ಹಾದು, ಗಂಟೆ ಬಾರಿಸಿ, ಸೈಕಲ್ಲನ್ನು ಎಡಕ್ಕೆ ತಿರುಗಿಸಿದಳು.