ಮಸ್ಕಿ ರಸ್ತೆಯ ಮೂರು ಮೋಟಾರ್ ಸೈಕಲ್ಲು

ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಅರ್ಧ ಆಗಿತ್ತು, ಇನ್ನರ್ಧದಲ್ಲಿ ಕಲ್ಲು ಹಾಗೇ ಇದ್ದವು. ಅಷ್ಟರಲ್ಲಿ ನಮ್ಮನೆಯವರು ಮೋಟಾರ್ ಸೈಕಲ್ ನೂಕಿಕೊಂಡು ಅಂಗಳದೊಳಗೆ ಬಂದರು. ಅಂಬಪ್ಪ ಹಿಂದಿನಿಂದ ಕೈ ಹಚ್ಚಿದ್ದ. ಗದ್ದೆಪ್ಪ ಬರೀ ಬಾಯಿ ಹಚ್ಚಿದ್ದ.

“ವೈನಿ, ಸಾಮಾನು ಬಿಚ್ಚಿಡಾಕ ನಿಮ್ಮ ಹಿತ್ತಾಳಿ ಪರಾತ ಕೊಡ್ರಿ,” ಅಂದ ಅಂಬಪ್ಪ. “ಇವತ್ತ ಕಾರ್ಬೊರೇಟರ್ ಪೂರಾ ಬಿಚ್ಚಿಬಿಡ್ತೀನಿ.”

“ಹೋದ ವಾರಾನೂ ಪೂರಾನ ಬಿಚ್ಚಿದ್ದೆಲ್ಲೋ?”

“ಅದು ಪೂರಾ ಅಲ್ರಿ. ಇದು ಪೂರಾ ಪೂರಾ.”

ಇದು ಐವತ್ತೈದನೆಯ ಇಸವಿಯ ಮಾತು. ಸಿಂಧನೂರಿನಿಂದ ಲಿಂಗಸುಗೂರಿನ ತನಕ ನಾವು ಕಂಡಂತೆ ಮೂರೇ ಮೋಟಾರ್ ಸೈಕಲ್ಲು, ಮೂರೂ ಯುದ್ಧಕಾಲದ ಹಳೆಯ ಫೌಜಿ ಗಾಡಿಗಳು. ಒಂದು ನಮ್ಮನೆಯವರದು. ಅವರಿಗೆ ಸಿಂಧನೂರಿನಲ್ಲಿ ಅರಿವೆ ಅಂಗಡಿಯಿತ್ತು. ಗಂಡನ ಹೆಸರು ಹೇಳಬಾರದು ಅಂತಿದ್ದರು, ಬರೆಯಬಾರದು ಅಂತ ಯಾರೂ ಅಂದಿಲ್ಲ: ಅಮರಗುಂಡಪ್ಪ. ಇನ್ನೊಂದು ಮಸ್ಕಿಯ ಹತ್ತಿ ಗಿರಣಿಯ ಫಿಟ್ಟರ್ ಅಂಬಪ್ಪನದು. ಮೂರನೆಯದು ಲಿಂಗಸುಗೂರಿನ ಗದ್ದೆಪ್ಪನದು; ಅವನು ಬರ್ಮಾದಲ್ಲಿ ಫೌಜಿನ ಲಾರಿ ಹೊಡೆದು ಬಂದವ. ಒಬ್ಬರ ಗಾಡಿ ಕೆಮ್ಮಿದರೆ ಉಳಿದಿಬ್ಬರು ಓಡಿ ಬರುತ್ತಿದ್ದರು.

ನಮ್ಮ ಗಾಡಿ ನೆಟ್ಟಗಾಗುವುದು ಅವರಿಗಿಂತ ನನಗೆ ಹೆಚ್ಚು ಬೇಕಾಗಿತ್ತು. ನಾಲ್ಕು ಮಕ್ಕಳಾದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು ನಾನು. ಮಸ್ಕಿಯ ಹೆಣ್ಣುಮಕ್ಕಳಿಗೆ ವಾರಕ್ಕೆ ಮೂರು ಮಧ್ಯಾಹ್ನ ಓದು ಹೇಳಿಕೊಡುತ್ತೀರಾ ಎಂದು ರಾಯಚೂರಿನ ಶಿಕ್ಷಣ ಕಚೇರಿಯಿಂದ ಕಾಗದ ಬಂದಿತ್ತು. ಹೂಂ ಅಂತ ಜವಾಬು ಬರೆದು ಎರಡು ತಿಂಗಳಾಗಿತ್ತು, ಅಂಚೆಗೆ ಹಾಕಿರಲಿಲ್ಲ. ಬಸ್ಸು ಹಿಡಿದು ಹೋದರೆ ಆವತ್ತೇ ತಿರುಗಿ ಬರುವ ಹಾಗಿರಲಿಲ್ಲ. ಗಾಡಿ ನೋಡಿದರೆ ನಾಲ್ಕೈದು ಮೈಲಿ ಓಡಿ ನಿಲ್ಲುತ್ತಿತ್ತು.

“ನಡುದಾರ್ಯಾಗ ನಿನ್ನ ಕೂಡಿಸ್ಕೊಂಡು ನಿಂತ್ರ ಹೆಂಗ? ಗಾಡಿ ನೆಟ್ಟಗಾಗ್ಲಿ, ಆಮ್ಯಾಲೆ ಹಾಕು,” ಅಂದಿದ್ದರು ಇವರು. ಮೊನ್ನೆ ಎರಡನೆಯ ಕಾಗದ ಬಂತು. ತಿಂಗಳ ಕೊನೆಯೊಳಗೆ ತಿಳಿಸದಿದ್ದರೆ ಬೇರೆಯವರನ್ನು ನೋಡುತ್ತೇವೆ ಅಂತ. ಉಳಿದದ್ದು ಮೂರು ದಿನ.

ಅಂಗಳದಲ್ಲಿ ಜಗಳ ಶುರುವಾಗಿತ್ತು.

“ಜೆಟ್‌ನಾಗ ಕಸ ಐತಿ. ನಾ ಊದಿದ ಮ್ಯಾಲೆ ಆವತ್ತ ಚಾಲೂ ಆಗಿತ್ತಿಲ್ಲ?” ಅಂದ ಅಂಬಪ್ಪ.

“ಮರುದಿನ ನಿಂತಿತ್ತಲೇ! ನಾ ಫ್ಲೋಟ್ ಮುಟ್ಟಿದ ಮ್ಯಾಲೆ ಐದು ಮೈಲಿ ಓಡೇತಿ. ಬರ್ಮಾದಾಗ ಇಂಥಾವು ನೂರು ನೋಡೀನಿ.”

“ಹಂಗಾರ ಬರ್ಮಾಕ್ಕ ಒಯ್ಯಪ, ಅಲ್ಲೇ ನೆಟ್ಟಗಾಗ್ತದ.”

ಮೂವರಿಗೂ ಮಿರ್ಚಿ ಭಜಿ ಕರಿಯಬೇಕಲ್ಲ. ಕುಸುಬಿ ಎಣ್ಣೆಯ ಹೊಸ ಡಬ್ಬಿ ತೆಗೆದು ಮೊಳೆಯಿಂದ ಒಂದು ತೂತು ಹೊಡೆದು ಬಗ್ಗಿಸಿದೆ. ಗುಳುಗುಳು ಅಂತ ಒಂದಿಷ್ಟು ಬಂದು ಎಣ್ಣೆ ನಿಂತಿತು. ಎದುರು ಮೂಲೆಗೆ ಇನ್ನೊಂದು ತೂತು ಹೊಡೆದೆ. ಗಾಳಿ ಒಳಗೆ ಹೋಯಿತು, ಎಣ್ಣೆ ದಾರದಂತೆ ಇಳಿಯಿತು.

ಮೊಳೆ ಕೈಯಲ್ಲಿ ಹಿಡಿದುಕೊಂಡೇ ಅಂಗಳದ ಕಡೆ ನೋಡಿದೆ. ದಿನಾ ಲಿಂಗಪೂಜೆ ಆದ ಮೇಲೆ ನಾನೇ ಗಾಡಿಗೆ ವಿಭೂತಿ ಬಳಿಯುತ್ತಿದ್ದೆ. ಪೆಟ್ರೋಲ್ ಟಾಕಿಯ ಮುಚ್ಚಳವೇ ಅದರ ಹಣೆ ಅಂತ ತಿಳಿದು, ನಟ್ಟನಡುವೆ ದಪ್ಪಗೆ ಗಂಧ. ಅದು ಒಣಗಿ, ಮೇಲೆ ಮೇಲೆ ಕೂತು, ಗಾರೆಯಾಗಿತ್ತು. ಅದರ ಕೆಳಗೆ ಏನಿದೆ?

ಹೇಳಿದರೆ ನನ್ನ ಕಾಗದವನ್ನು ಎರಡು ತಿಂಗಳು ತಡೆದವಳು ನಾನೇ ಅಂತ ಒಪ್ಪಬೇಕಾಗುತ್ತಿತ್ತು. ಮೊದಲು ನಾಲ್ಕು ಮಿರ್ಚಿ ಕರಿದೆ. ಆಮೇಲೆ ತಟ್ಟೆ ಹಿಡಿದು ಹೊರಗೆ ಹೋದೆ.

“ಗದ್ದೆಪ್ಪಣ್ಣ, ಟಾಕಿ ಮುಚ್ಚಳಕ್ಕ ತೂತು ಇರ್ತದೇನು?”

“ಇರ್ತದ ವೈನಿ, ಗಾಳಿ ಹೋಗಾಕ ಸಣ್ಣದೊಂದು…” ಅನ್ನುತ್ತ ಮುಚ್ಚಳ ನೋಡಿದವನು ಅಲ್ಲಿಗೇ ನಿಂತ. ಅವನ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ಮತ್ತ ನಾ ಜೆಟ್ ಊದಿದಾಗ ಹೆಂಗ ಚಾಲೂ ಆತು?” ಅಂಬಪ್ಪ ಬಿಡಲಿಲ್ಲ.

“ಊದೂಕಿಂತ ಮೊದಲ ಏನು ಮಾಡಿದ್ದಿ?” ಅಂತ ಕೇಳಿದೆ.

“ಪೆಟ್ರೋಲ್ ಐತೇನಂತ ಮುಚ್ಚಳ ತೆಗೆದೆ…”

“ನೀ ಒಬ್ಬನ ಅಲ್ಲಪ. ಎಲ್ಲಾರೂ ಮೊದಲು ಅದನ್ನ ತೆಗಿತೀರಿ. ಗಾಳಿ ಒಳಗ ಹೋಗ್ತದ, ಗಾಡಿ ಓಡ್ತದ. ಮುಚ್ಚಳ ಹಾಕಿದ ಮ್ಯಾಲೆ ಗಂಧ ಗಾಳಿ ತಡಿತದ, ಪೆಟ್ರೋಲ್ ಇಳಿಯಂಗಿಲ್ಲ.”

ಗದ್ದೆಪ್ಪ ತೊಡೆ ತಟ್ಟಿಕೊಂಡು ನಕ್ಕ. “ಎರಡು ತಿಂಗಳು ಮುಚ್ಚಳ ತೆಗೆದು ಹಾಕೂದಕ್ಕ ಎಷ್ಟು ಮಿರ್ಚಿ ತಿಂದೆಲೇ ಅಂಬ್ಯಾ!”

“ನೀ ಏನು ಉಪಾಸ ಇದ್ಯಾ?”

ಇವರು ಮಾತ್ರ ನಗಲಿಲ್ಲ. “ದೇವರ ಗಂಧದಿಂದ ಗಾಡಿ ನಿಲ್ತದೇನು?”

“ದೇವರದೇನೂ ತಪ್ಪಿಲ್ರೀ. ಹಚ್ಚಿದಾಕಿ ನಾನು.”

ಅಂಬಪ್ಪ ಗಂಧ ಕೆರೆದ. ಸೂಜಿಯಿಂದ ಚುಚ್ಚಿದಾಗ ಜೀರಿಗೆಯಷ್ಟು ತೂತು ಕಂಡಿತು. ಆಮೇಲೆ ಇವರಿಗೂ ನಗು ತಡೆಯಲಾಗಲಿಲ್ಲ.

ಮರುದಿನ ಮೂರೂ ಗಾಡಿ ಮಸ್ಕಿಗೆ ಹೊರಟವು. ಮುಂದೆ ಅಂಬಪ್ಪ, ಹಿಂದೆ ಗದ್ದೆಪ್ಪ, ನಡುವೆ ನಾವು. ನಾನು ಸೆರಗು ಬಿಗಿದು ಒಂದು ಬದಿಗೆ ಕೂತಿದ್ದೆ. ಐದು ಮೈಲಿಯಾದಾಗ ಇವರ ಬೆನ್ನು ಸೆಟೆದದ್ದು ನನಗೆ ತಿಳಿಯಿತು. ಆರು ಮೈಲಿ ಆಯಿತು. ಹತ್ತಾಯಿತು. ಇವರು ಅಂಗಡಿಯಲ್ಲಿ ಕೂತವರಂತೆ ಆರಾಮಾಗಿ ಹಾಡು ಗುನುಗತೊಡಗಿದರು.

ಮಸ್ಕಿಯ ಅಂಚೆ ಡಬ್ಬಿಯ ಮುಂದೆ ನಿಲ್ಲಿಸಿರಿ ಅಂದೆ.

“ತಿರುಗಿ ಊರು ಮುಟ್ಟಿ ಹಾಕು ಬೇ. ಹೋಗೂವಾಗ ನಿಂತ್ರ?”

“ನಿಂತ್ರ ಇಳಿದು ನಡಕೋತ ಹೋಗೂಣು.”

“ಏ, ನಮ್ಮ ಮಸ್ಕಿ ಸಾಲಿ ಅಕ್ಕೋರು ಹೇಳಿದಂಗ ಕೇಳಪ!” ಅಂತ ಅಂಬಪ್ಪ ದೂರದಿಂದಲೇ ಕೂಗಿದ. ಅಷ್ಟರಲ್ಲಿ ನಾನು ಕಾಗದ ಡಬ್ಬಿಗೆ ಹಾಕಿಬಿಟ್ಟಿದ್ದೆ.