ಆಣೆ ಕೇಳದ ಸಭೆ

ಪರಮೇಶ್ವರಪ್ಪನವರ ಜೇಬಿನಲ್ಲಿ ಡಾಕ್ಟರು ಬರೆದುಕೊಟ್ಟ ಚೀಟಿಯಿತ್ತು. 'ಮೂಡಿಗೆರೆ, ಭಾನುವಾರ ಸಂಜೆ ನಾಲ್ಕು, ಕುಡಿತ ಬಿಟ್ಟವರ ಸಭೆ.' ಯಾವ ಬೀದಿ, ಯಾವ ಮನೆ ಎಂಬುದು ಅದರಲ್ಲಿರಲಿಲ್ಲ. ಚಿಕ್ಕಮಗಳೂರಿನ ಆ ಡಾಕ್ಟರು ಅವರ ಮಗ ವಿಶ್ವನಾಥನ ಹೊಟ್ಟೆ ಒತ್ತಿ ನೋಡಿ, ತಂದೆಯನ್ನು ಹೊರಗೆ ಕರೆದು, ಹೀಗೇ ಕುಡಿದರೆ ಹುಡುಗ ಮುಂದಿನ ಮಳೆಗಾಲ ಕಾಣುವುದಿಲ್ಲ ಎಂದಿದ್ದರು. ಔಷಧಿಗಿಂತ ಆ ಸಭೆಯೇ ಮುಖ್ಯ ಎಂದೂ ಹೇಳಿದ್ದರು.

ಕಳಸದಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಪರಮೇಶ್ವರಪ್ಪನವರಿಗೆ ಉಳಿದಿದ್ದ ಮಗ ಇವನೊಬ್ಬನೇ. ದೊಡ್ಡವನು ಪ್ರಶಾಂತ ತೀರಿಕೊಂಡು ಎರಡು ವರ್ಷ. ಅವನನ್ನೂ ತಿಂದದ್ದು ಪಾಕೆಟ್ ಸಾರಾಯಿಯೇ. ಅಂಗೈಯಲ್ಲಿ ಇಷ್ಟಲಿಂಗ ಹಿಡಿಸಿ, ಇನ್ನು ಕುಡಿಯುವುದಿಲ್ಲವೆಂದು ಇವರು ಅವನಿಂದ ಆಣೆ ಮಾಡಿಸಿದ್ದರು. ಹನ್ನೊಂದು ತಿಂಗಳು ನಡೆಯಿತು. ಕಾಫಿ ಕೊಯ್ಲು ಮುಗಿದ ದಿನ ಯಾರದೋ ತೋಟದಲ್ಲಿ ಕುಡಿದ. ಆಣೆ ಮುರಿದ ಕೈಯಿಂದ ಲಿಂಗ ಮುಟ್ಟುವುದು ಹೇಗೆಂದು ಅದನ್ನು ಬಿಚ್ಚಿ ದೇವರ ಗೂಡಿನಲ್ಲಿಟ್ಟ. ಆಮೇಲೆ ಮನೆಯವರೊಡನೆ ಊಟಕ್ಕೆ ಕೂರಲಿಲ್ಲ. ಅಂಗಡಿಯ ಗೋದಾಮಿನಲ್ಲೇ ಮಲಗುತ್ತಿದ್ದ, ಅಲ್ಲೇ ಹೋದ. ಮಣ್ಣು ಮಾಡುವಾಗ ಆ ಲಿಂಗವನ್ನು ಅವನ ಅಂಗೈಯಲ್ಲಿಟ್ಟವರು ತಂದೆಯೇ. ಆಣೆ ಗಟ್ಟಿಯಾಗಿರಲಿಲ್ಲ, ಅದಕ್ಕೇ ಮುರಿಯಿತು ಎಂದು ಅವರು ನಂಬಿದ್ದರು.

ಆದ್ದರಿಂದ ಮೂಡಿಗೆರೆಯ ಬಸ್ಸಿನಲ್ಲಿ ಕಿರಿಯವನ ಕಿವಿಯ ಬಳಿ ಬಗ್ಗಿ ಹೇಳಿದರು:

"ಸಭೆಗೆ ಹೋಗೋ ಮೊದ್ಲು ಲಿಂಗ ಮುಟ್ಟಿ ಆಣೆ ಮಾಡು ವಿಶ್ವ. ನಿನ್ ಲಿಂಗ ಅಲ್ಲ, ನಂದು. ಮುರಿದ್ರೆ ಆ ಪಾಪ ನಂಗೂ ತಟ್ಟಬೇಕು."

ವಿಶ್ವನಾಥ ಹಿಂದಿನ ದಿನದಿಂದ ಕುಡಿಯದೆ ನಡುಗುತ್ತಿದ್ದ ಕೈಗಳನ್ನು ತೊಡೆಗಳ ನಡುವೆ ಅದುಮಿಕೊಂಡಿದ್ದ. ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಕಾಫಿ ಕುಡಿದು ಬರುವೆನೆಂದು ಇಳಿದವನು ತಿರುಗಿ ಬರಲಿಲ್ಲ. ಪರಮೇಶ್ವರಪ್ಪನವರು ಹೋಟೆಲುಗಳ ಒಳಗೂ ಹಿತ್ತಲಲ್ಲೂ ಹುಡುಕಿದರು. ಕಂಡಕ್ಟರು ಎರಡು ಸಲ ಸೀಟಿ ಊದಿದ. ಗಂಟೆ ಮೂರಾಗಿತ್ತು. ಸಭೆಯವರನ್ನೇ ಕರೆತಂದರೆ ಅವರಾದರೂ ಹುಡುಕಿ ಹಿಡಿದಾರು ಎಂದುಕೊಂಡು ಒಬ್ಬರೇ ಬಸ್ಸು ಹತ್ತಿದರು.

ಮೂಡಿಗೆರೆಯಲ್ಲಿ ಕೇಳಿದವರಿಗೆಲ್ಲ ನಗು. ಬಸ್ ಸ್ಟ್ಯಾಂಡಿನ ಬೀಡಾ ಅಂಗಡಿಯವನು ಎದುರಿನ ಸಾರಾಯಿ ಅಂಗಡಿ ತೋರಿಸಿದ.

"ಕುಡುಕರ ಮೀಟಿಂಗಾ ಮಾರಾಯ್ರೆ? ಅದಕ್ಕೆ ಭಾನುವಾರವೇ ಯಾಕೆ, ದಿನಾ ಅಲ್ಲೇ ನಡೀತದಲ್ಲ."

ಆಸ್ಪತ್ರೆಯ ಜವಾನ ಪೊಲೀಸ್ ಸ್ಟೇಷನ್ನಿನಲ್ಲಿ ಕೇಳಿ ಎಂದ. ಸೈಕಲ್ ಶಾಪಿನವನು ತಲೆ ಎತ್ತದೆ ಗೊತ್ತಿಲ್ಲ ಎಂದುಬಿಟ್ಟ. ನಾಲ್ಕು ಹೊಡೆಯಲು ಹತ್ತೇ ನಿಮಿಷವಿತ್ತು. ಮುದುಕರು ಕಣ್ಣು ಒರೆಸಿಕೊಂಡು ಮುಂದೆ ನಡೆದಾಗ ಹಿಂದಿನಿಂದ ಯಾರೋ ಬಂದರು. ಅದೇ ಸೈಕಲ್ ಶಾಪಿನವನು, ಕೈಯ ಗ್ರೀಸು ಒರೆಸಿಕೊಳ್ಳುತ್ತ.

"ಯಾರಿಗೆ ಸ್ವಾಮಿ, ನಿಮಗಾ?"

"ನನ್ನ ಮಗನಿಗೆ."

ಅಂಗಡಿಯಲ್ಲಿ ಜನರಿದ್ದರು, ಸಭೆಗೆ ಬರುವವರ ವಿಚಾರ ಹೊರಗೆ ಆಡುವುದು ತಮ್ಮಲ್ಲಿ ಪದ್ಧತಿಯಲ್ಲ, ಅದಕ್ಕೇ ಸುಳ್ಳು ಹೇಳಿದೆ ಎಂದ. ಅವನ ಹೆಸರು ಚೌಡಯ್ಯ. ಕುಡಿತ ಬಿಟ್ಟು ಆರು ವರ್ಷವಂತೆ.

ಶಾಲೆಯೊಂದರ ಹಿಂದಿನ ಕೋಣೆ. ಎರಡು ಬೆಂಚು, ಐದು ಜನ. ಪರಮೇಶ್ವರಪ್ಪನವರು ನಿಂತುಕೊಂಡೇ ಎಲ್ಲವನ್ನೂ ಹೇಳಿ ಕೈಮುಗಿದರು. ಕೊಟ್ಟಿಗೆಹಾರಕ್ಕೆ ಬನ್ನಿ, ನನ್ನ ಹುಡುಗನನ್ನು ಹಿಡಿದು ಗಟ್ಟಿಯಾದ ಆಣೆ ಮಾಡಿಸಿ ಎಂದರು.

ಚೌಡಯ್ಯ ಬೆಂಚಿನಲ್ಲಿ ಸರಿದು ಅವರಿಗೆ ಜಾಗ ಮಾಡಿದ.

"ಇಲ್ಲಿ ಆಣೆ ಹಾಕಿಸಲ್ಲ ಸ್ವಾಮಿ. ನಾನು ಮನೆದೇವರ ಮೇಲೆ ಮೂರು ಸಲ ಹಾಕಿದ್ದೆ. ಮುರಿದ ಮೇಲೆ ದೇವರ ಎದುರು ನಿಲ್ಲೋ ಮುಖ ಇರಲಿಲ್ಲ, ಹೆಂಡ್ತಿ ಎದುರೂ ಇರಲಿಲ್ಲ. ಬಾ ಅಂತ ಕರೀತಿದ್ದದ್ದು ಸಾರಾಯಿ ಅಂಗಡಿ ಒಂದೇ. ಇಲ್ಲಿ, ಇವತ್ತೊಂದು ದಿನ ಕುಡಿಯಲ್ಲ ಅಂತೀವಿ. ನಾಳೆದು ನಾಳೆ."

ಪರಮೇಶ್ವರಪ್ಪನವರ ಕೈ ಎದೆಯ ಮೇಲೆ ಲಿಂಗವಿದ್ದ ಕರಡಿಗೆಗೆ ಹೋಯಿತು. ಗೋದಾಮಿನ ಬಾಗಿಲು ಕಣ್ಣ ಮುಂದೆ ಬಂದಿತು. ಹೆಂಡತಿ ಸಾವಿತ್ರಮ್ಮ ಅನ್ನದ ತಟ್ಟೆಯನ್ನು ಆ ಹೊಸ್ತಿಲಲ್ಲಿಟ್ಟು ಬರುತ್ತಿದ್ದರು. ಒಂದೇ ಒಂದು ಸಲ ಇವರು ಬಾಗಿಲು ತಟ್ಟಿದಾಗ ಪ್ರಶಾಂತ ಒಳಗಿನಿಂದ, ಕುಡಿದಿದ್ದೇನೆ, ಲಿಂಗ ಕಟ್ಟಿಕೊಂಡು ಒಳಗೆ ಬರಬೇಡಿ ಎಂದಿದ್ದ. ಅಷ್ಟು ಭಕ್ತಿಯಾದರೂ ಉಳಿದಿದೆಯಲ್ಲ ಎಂದು ಸಮಾಧಾನಪಟ್ಟು ಇವರು ಹಿಂದಿರುಗಿದ್ದರು.

ಬೆಂಚಿನ ಮೇಲೆ ಕೂತರು. ಚೌಡಯ್ಯ ಹೊರಗೆ ಹೋಗಿ ಜೀಪೊಂದನ್ನು ನಿಲ್ಲಿಸಿದ.

ಕೊಟ್ಟಿಗೆಹಾರದಲ್ಲಿ ಮಂಜು ಇಳಿದಿತ್ತು. ಸೌದೆ ಒಟ್ಟಿದ್ದ ಜಾಗದ ಹಿಂದೆ ವಿಶ್ವನಾಥ ಗೋಡೆಗೊರಗಿ ಕೂತಿದ್ದ. ಕಾಲ ಬಳಿ ಮೂರು ಖಾಲಿ ಪಾಕೆಟ್ಟುಗಳು. ತಂದೆಯನ್ನು ಕಂಡೊಡನೆ ತೆವಳಿಕೊಂಡು ಹಿಂದೆ ಸರಿದ.

"ಮುಟ್ಬೇಡಿ ಅಪ್ಪಯ್ಯ. ಕುಡ್ದಿದೀನಿ. ನಿಮ್ ಮೈಮೇಲೆ ಲಿಂಗ ಇದೆ."

ಪರಮೇಶ್ವರಪ್ಪನವರು ಕೆಸರಿನಲ್ಲೇ ಕೂತು ಅವನ ಎರಡೂ ಕೈ ಹಿಡಿದುಕೊಂಡರು.

"ಇರ್ಲಿ. ಆಣೆ ಗೀಣೆ ಏನೂ ಬೇಡ. ಏಳು, ಒಟ್ಟಿಗೆ ಉಣ್ಣೋಣ."

ಅವನು ಏಳಲು ಹೋಗಿ ತಂದೆಯ ಮಡಿಲಿಗೇ ವಾಂತಿ ಮಾಡಿಕೊಂಡ. ಅದರಲ್ಲಿ ರಕ್ತವಿತ್ತು. ಚೌಡಯ್ಯ ಒಂದು ಕ್ಷಣ ನೋಡಿ, ಊಟ ಆಮೇಲೆ, ಮೊದಲು ಆಸ್ಪತ್ರೆ ಎಂದು ಅವನ ಕಾಲುಗಳನ್ನು ಎತ್ತಿ ಹಿಡಿದ.

ಮೂಡಿಗೆರೆಗೆ ತಿರುಗಿದ ಜೀಪಿನಲ್ಲಿ ಮಗನ ತಲೆ ತಂದೆಯ ಎದೆಯ ಮೇಲೆ, ಕರಡಿಗೆಗೆ ಒತ್ತಿಕೊಂಡು ಇತ್ತು. ಉಸಿರು ತಡೆತಡೆದು ಬರುತ್ತಿತ್ತು. ಎಪ್ಪತ್ತು ವರ್ಷ ಶಿವನಲ್ಲಿ ಏನೇನನ್ನೋ ಬೇಡಿದ್ದ ಆ ಮುದುಕರು ಅಂದು ಬೇಡಿದ್ದು ಇಷ್ಟೇ: ನಾಳೆಯದು ಕೇಳುವುದಿಲ್ಲ ತಂದೆ. ಇವತ್ತೊಂದು ದಿನ.